ಮನೆಯೊಳಗಿನ ಕುಂಡಕ್ಕೆ ಯಾವ ಮಣ್ಣು? ಕೆಜಿಎಫ್, ಬಂಗಾರಪೇಟೆಯಲ್ಲಿ ಹೊಸದಾಗಿ ಗಿಡ ಬೆಳೆಸುವವರಿಗೆ ಪೂರ್ತಿ ಮಾಹಿತಿ

ಕೆಜಿಎಫ್/ಬಂಗಾರಪೇಟೆ: ನರ್ಸರಿಯಿಂದ ತಂದ ಗಿಡ ಮೊದಲ ವಾರ ಹಸಿರಾಗಿ ನಗುತ್ತಿರುತ್ತೆ. ಮೂರನೇ ವಾರಕ್ಕೆ ಎಲೆ ಹಳದಿ, ತಿಂಗಳಿಗೆ ಕುಂಡ ಖಾಲಿ. ‘ನಮ್ಮ ಕೈಗೆ ಗಿಡ ಒಗ್ಗಲ್ಲ’ ಅಂತ ಎಷ್ಟೋ ಮನೆಯವರು, ಅಂಗಡಿಯವರು ಅಲ್ಲಿಗೇ ಕೈಬಿಡುತ್ತಾರೆ. ಹೆಚ್ಚಿನ ಸಲ ತಪ್ಪು ಕೈಯದ್ದಲ್ಲ, ಮಣ್ಣಿನದ್ದು. ಅದರಲ್ಲೂ ಗಣಿಯ ಊರಾದ ಕೆಜಿಎಫ್‌ನಲ್ಲಿ ಕುಂಡಕ್ಕೆ ಹಾಕುವ ಮಣ್ಣು ಎಲ್ಲಿಂದ ಬಂತು ಅನ್ನೋದು ಗಿಡದ ವಿಷಯ ಮಾತ್ರವಲ್ಲ, ಮನೆಯವರ ಆರೋಗ್ಯದ ವಿಷಯವೂ ಹೌದು.

ಮಣ್ಣು ಆರಿಸುವುದು, ಅಳತೆ ಹಾಕಿ ಬೆರೆಸುವುದು, ಬೆಳಕು, ನೀರು, ಗೊಬ್ಬರ, ಕೀಟ ಎಲ್ಲವೂ ಇಲ್ಲಿದೆ. ಮನೆಯೊಳಗೆ ಬೆಳೆಸಿದರೆ ಜೈಲಿಗೆ ದಾರಿಯಾಗುವ ಒಂದು ಗಿಡದ ಬಗ್ಗೆಯೂ ಕೊನೆಯ ಭಾಗದಲ್ಲಿ ಮಾಹಿತಿ ಇದೆ.

ಮೊದಲ ಎಚ್ಚರಿಕೆ: ಸೈನೈಡ್ ಗುಡ್ಡದ ಮಣ್ಣು ಮುಟ್ಟಬೇಡಿ

ಮೈಸೂರು ಮೈನ್ಸ್, ಮಾರಿಕುಪ್ಪಂ, ಚಾಂಪಿಯನ್ ರೀಫ್ ಕಡೆ ಓಡಾಡುವವರಿಗೆ ಸೈನೈಡ್ ಗುಡ್ಡಗಳು ಹೊಸದಲ್ಲ. ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿ ಕಾಲಿಟ್ಟ ದಿನದಿಂದ 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಗಣಿಗೆ ಬೀಗ ಬೀಳುವ ತನಕ ಭೂಮಿಯಿಂದ ತೆಗೆದ ಅದಿರನ್ನು ಹಿಟ್ಟಿನಂತೆ ಪುಡಿ ಮಾಡಿ ಚಿನ್ನ ಬೇರ್ಪಡಿಸಿದರು. ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆಯುವ ವಿಧಾನಕ್ಕೆ 1887ರಲ್ಲಿ ಪೇಟೆಂಟ್ ಸಿಕ್ಕಿತು. ಮುಂದೆ ಅದು ಇಲ್ಲಿಗೂ ಬಂತು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಯೇ ಇವತ್ತಿನ ಗುಡ್ಡ. ಇಂಥ 13 ದಿಬ್ಬಗಳಿವೆ. ಅವುಗಳಲ್ಲಿ ಉಳಿದಿರುವ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ.

ನೋಡೋಕೆ ಈ ಪುಡಿ ನಯವಾದ ಮರಳಿನ ಹಾಗಿರುತ್ತೆ. ಬಿಟ್ಟಿ ಸಿಗುತ್ತೆ, ಹತ್ತಿರದಲ್ಲೇ ಇರುತ್ತೆ. ಕುಂಡದ ಮಣ್ಣಿಗೆ ಮರಳು ಬೆರೆಸಬೇಕು ಅಂತ ಕೇಳಿದವರಿಗೆ ಒಂದು ಬಾಂಡ್ಲಿ ತರೋಣ ಅನ್ನಿಸುವುದು ಸಹಜ. ತರಬಾರದು. ಕಾರಣ ಮೂರು:

1. ಸೈನೈಡ್ ಬಿಸಿಲಿಗೆ, ಗಾಳಿಗೆ ಕಾಲಕ್ರಮೇಣ ಒಡೆದು ಹೋಗುತ್ತೆ ನಿಜ. ಆದರೆ ಅದಿರಿನ ಜತೆ ಬಂದ ಭಾರಲೋಹಗಳು ಒಡೆಯುವುದಿಲ್ಲ, ಕೊಳೆಯುವುದಿಲ್ಲ. ಪುಡಿಯಲ್ಲೇ ಉಳಿಯುತ್ತವೆ. ಪುದೀನ, ಕೊತ್ತಂಬರಿ, ಮೆಂತ್ಯದಂಥ ಸೊಪ್ಪು ಹಾಕಿದರೆ ಬೇರಿನ ಮೂಲಕ ಅಡುಗೆಗೆ ಬರುವ ಅಪಾಯ ಇದೆ.

2. ಈ ಪುಡಿಯಲ್ಲಿ ಸಿಲಿಕಾ ಹೆಚ್ಚು, ಕಣ ತೀರಾ ಸಣ್ಣ. ಒಣಗಿದಾಗ ಗಾಳಿಗೆ ಏಳುತ್ತೆ. ಗಣಿ ಕಾರ್ಮಿಕರ ಶ್ವಾಸಕೋಶ ತಿಂದ ಸಿಲಿಕೋಸಿಸ್ ಕಾಯಿಲೆ ಬಂದಿದ್ದು ಇಂಥ ಕಲ್ಲಿನ ದೂಳಿನಿಂದಲೇ. ಅದನ್ನು ಮನೆಯೊಳಗೆ, ಮಕ್ಕಳ ಕೈಗೆ ಸಿಗುವ ಹಾಗೆ ತಂದಿಡುವುದು ಸರಿಯಲ್ಲ.

3. ಗಿಡಕ್ಕೂ ಇದರಿಂದ ಲಾಭ ಇಲ್ಲ. ಸಾವಯವ ಅಂಶ ಇಲ್ಲದ, ಜೀವಾಣು ಇಲ್ಲದ ಪುಡಿ ಇದು. ನೀರು ಹಾಕಿದರೆ ಸಿಮೆಂಟಿನ ಹಾಗೆ ಒತ್ತಾಗಿ ಕೂರುತ್ತೆ, ಬೇರಿಗೆ ಗಾಳಿ ಸಿಗಲ್ಲ.

ಗುಡ್ಡದ ಬುಡದಲ್ಲಿ ಮಳೆನೀರು ಹರಿದು ನಿಲ್ಲುವ ಜಾಗದ ಮಣ್ಣಿಗೂ ಇದೇ ಮಾತು. ಆಷಾಢದ ಗಾಳಿಯಲ್ಲಿ ಗುಡ್ಡದ ದೂಳು ಬೀಳುವ ಲೈನ್‌ಗಳಲ್ಲಿ ಹಿತ್ತಲಿನ ಮೇಲ್ಮಣ್ಣನ್ನೂ ಸೊಪ್ಪಿನ ಕುಂಡಕ್ಕೆ ಬಳಸದಿರುವುದು ಒಳ್ಳೇದು. ಬೇರೆ ಕಡೆಯ ಮಣ್ಣು ತಂದು ತುಂಬಿಸಿದರೆ ಚಿಂತೆ ಇರಲ್ಲ.

ಮಣ್ಣು ಪರೀಕ್ಷೆ ಮಾಡಿಸಿದರೆ ಗೊತ್ತಾಗಲ್ವಾ ಅಂತ ಕೆಲವರು ಕೇಳುತ್ತಾರೆ. ರೈತರಿಗೆ ಕೊಡುವ ಮಣ್ಣು ಆರೋಗ್ಯ ಕಾರ್ಡ್‌ನಲ್ಲಿ 12 ಅಂಶ ಇರುತ್ತವೆ: ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಜತೆಗೆ ರಸಸಾರ, ಲವಣಾಂಶ, ಸಾವಯವ ಇಂಗಾಲ. ಸೀಸ, ಆರ್ಸೆನಿಕ್ ಈ ಪಟ್ಟಿಯಲ್ಲಿ ಇಲ್ಲ. ಕಾರ್ಡ್ ಚೆನ್ನಾಗಿ ಬಂತು ಅಂದ ಮಾತ್ರಕ್ಕೆ ಗುಡ್ಡದ ಮಣ್ಣು ಸುರಕ್ಷಿತ ಅಂತ ಅರ್ಥ ಅಲ್ಲ. ಆದ್ದರಿಂದಲೇ ಮಣ್ಣಿನ ಊರು ಕೇಳಬೇಕು.

ಹಾಗಾದ್ರೆ ಒಳ್ಳೆ ಮಣ್ಣು ಎಲ್ಲಿ?

ಗಣಿ ಜಾಗ ಬಿಟ್ಟರೆ ಕೋಲಾರ ಜಿಲ್ಲೆಯ ಕೆಮ್ಮಣ್ಣು ಕುಂಡಕ್ಕೆ ಒಳ್ಳೆ ಅಡಿಪಾಯ. ಬೂದಿಕೋಟೆ, ಕಾಮಸಮುದ್ರ, ಬೇತಮಂಗಲ ಕಡೆಯ ರಾಗಿ ಹೊಲದ ಮೇಲ್ಮಣ್ಣು ಸಿಕ್ಕಿದರೆ ಬೇರೇನೂ ಹುಡುಕಬೇಕಿಲ್ಲ. ಹೊಲದವರನ್ನು ಕೇಳಿ, ಒಂದೆರಡು ಚೀಲ ತಂದರೆ ಹತ್ತು ಕುಂಡಕ್ಕೆ ಸಾಕು. ತರುವಾಗ ಗಮನಿಸಬೇಕಾದ್ದು ಇಷ್ಟು:

• ಮೇಲಿನ ಅರ್ಧ ಅಡಿ ಮಣ್ಣು ಮಾತ್ರ ತೆಗೆಯಿರಿ. ಆಳದ ಮಣ್ಣಲ್ಲಿ ಸತ್ವ ಕಮ್ಮಿ. ಮನೆ ಪಾಯ ತೆಗೆದ ಮಣ್ಣು ಕೆಂಪಗೆ ಚೆನ್ನಾಗಿ ಕಂಡರೂ ಅದು ಆಳದ ಮಣ್ಣೇ.

• ಕಳೆನಾಶಕ ಹೊಡೆದ ಹೊಲದ ಮಣ್ಣು ಬೇಡ. ‘ಇತ್ತೀಚೆಗೆ ಏನಾದ್ರೂ ಹೊಡೆದಿದ್ದೀರಾ?’ ಅಂತ ಕೇಳಿಯೇ ತನ್ನಿ.

• ನೀಲಗಿರಿ ತೋಪಿನ ಕೆಳಗಿನ ಮಣ್ಣು, ಅದರ ಎಲೆಗೊಬ್ಬರ ಬೇಡ. ನೀಲಗಿರಿ ಎಲೆಯಲ್ಲಿರುವ ಎಣ್ಣೆ ಅಂಶ ಎಳೆ ಗಿಡದ ಬೆಳವಣಿಗೆ ತಡೆಯುತ್ತೆ. ತೋಪಿನ ಕೆಳಗೆ ಹುಲ್ಲು ಕೂಡ ಸರಿಯಾಗಿ ಬರದೇ ಇರುವುದನ್ನು ಎಲ್ಲರೂ ನೋಡಿದ್ದಾರೆ.

• ಕೆರೆಗೋಡು ಸತ್ವದ ಮಣ್ಣು, ಆದರೆ ಜಿಗುಟು. ಕುಂಡದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಬೇಡ. ಸೈನೈಡ್ ಗುಡ್ಡದ ಕಡೆಯಿಂದ ನೀರು ಬರುವ ಕೆರೆ, ಕುಂಟೆಯ ಗೋಡು ಬೇಡವೇ ಬೇಡ.

• ಕಟ್ಟಡ ಒಡೆದ ಜಾಗದ ಮಣ್ಣಲ್ಲಿ ಸುಣ್ಣ, ಸಿಮೆಂಟ್ ಸೇರಿರುತ್ತೆ. ಒಂದು ಹಿಡಿ ಮಣ್ಣಿನ ಮೇಲೆ ಸ್ವಲ್ಪ ವಿನೆಗರ್ ಹಾಕಿ. ಬುಸಬುಸ ನೊರೆ ಬಂದರೆ ಸುಣ್ಣ ಇದೆ ಅಂತ.

ಹೊಲದ ಮಣ್ಣು ಸಿಗದವರು ನರ್ಸರಿಯಲ್ಲಿ ಚೀಲದ ಮಣ್ಣು ಕೊಳ್ಳಬಹುದು. ಆದರೆ ‘ಪಾಟಿಂಗ್ ಮಿಕ್ಸ್’ ಅಂತ ಬರೆದಿದ್ದರೂ ಚೀಲ ಬಿಚ್ಚಿಸಿ ನೋಡಿ. ಬರೀ ಕೋಕೋಪೀಟ್ ತುಂಬಿದ್ದರೆ ಅದರಲ್ಲಿ ಪೋಷಕಾಂಶ ಏನೂ ಇರಲ್ಲ, ಗೊಬ್ಬರ ಬೇರೆ ಕೊಡಬೇಕಾಗುತ್ತೆ.

ಬಾಟಲಿ ಪರೀಕ್ಷೆ: ಖರ್ಚಿಲ್ಲ, ಒಂದು ದಿನ ಸಾಕು

ಪಾರದರ್ಶಕ ಒಂದು ಲೀಟರ್ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು ಹಾಕಿ, ಕುತ್ತಿಗೆ ತನಕ ನೀರು ತುಂಬಿ ಚೆನ್ನಾಗಿ ಕುಲುಕಿ. ಅಲುಗಾಡಿಸದೆ ಒಂದು ದಿನ ಇಡಿ. ಮೊದಲ ಒಂದೆರಡು ನಿಮಿಷದಲ್ಲಿ ತಳಕ್ಕೆ ಕೂರುವುದು ಮರಳು. ಕೆಲವು ಗಂಟೆಗಳಲ್ಲಿ ಅದರ ಮೇಲೆ ಕೂರುವುದು ಗೋಡು. ಕೊನೆಗೆ ನಿಧಾನಕ್ಕೆ ಇಳಿಯುವುದು ಜೇಡಿ. ಮೇಲೆ ತೇಲುವ ಕಪ್ಪು ಚೂರುಗಳು ಸಾವಯವ ಅಂಶ.

ಅರ್ಧದಷ್ಟು ಮರಳು, ಉಳಿದರ್ಧ ಗೋಡು ಮತ್ತು ಜೇಡಿ ಇದ್ದರೆ ಕುಂಡಕ್ಕೆ ಒಳ್ಳೆ ಮಣ್ಣು. ಜೇಡಿಯೇ ಹೆಚ್ಚಿದ್ದರೆ ಕೋಕೋಪೀಟ್, ದಪ್ಪ ಮರಳು ಬೆರೆಸಿ. ಮರಳೇ ಹೆಚ್ಚಿದ್ದರೆ ಗೊಬ್ಬರದ ಪಾಲು ಏರಿಸಿ.

ಅಳತೆ: ಎಷ್ಟಕ್ಕೆ ಎಷ್ಟು?

ಅಳೆಯೋಕೆ ಮಗ್ಗು, ಡಬ್ಬ, ಬಾಂಡ್ಲಿ ಯಾವುದಾದ್ರೂ ಸರಿ. ಎಲ್ಲದಕ್ಕೂ ಒಂದೇ ಇರಲಿ.

ಎಲೆ ಗಿಡಗಳಿಗೆ (ಮನಿ ಪ್ಲಾಂಟ್, ಸ್ಪೈಡರ್ ಪ್ಲಾಂಟ್): ಕೆಮ್ಮಣ್ಣು 2 ಪಾಲು, ಎರೆಗೊಬ್ಬರ 1 ಪಾಲು, ಕೋಕೋಪೀಟ್ 1 ಪಾಲು.

ಸೊಪ್ಪು, ಮೂಲಿಕೆಗಳಿಗೆ (ಪುದೀನ, ಕೊತ್ತಂಬರಿ, ಮೆಂತ್ಯ, ತುಳಸಿ): ಕೆಮ್ಮಣ್ಣು 1 ಪಾಲು, ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 1 ಪಾಲು, ಕೋಕೋಪೀಟ್ 1 ಪಾಲು.

ನೀರು ಕಮ್ಮಿ ಬೇಕಾದ ಗಿಡಗಳಿಗೆ (ಲೋಳೆಸರ, ಸ್ನೇಕ್ ಪ್ಲಾಂಟ್, ಕಳ್ಳಿ ಜಾತಿ): ಕೆಮ್ಮಣ್ಣು 1 ಪಾಲು, ದಪ್ಪ ಮರಳು 2 ಪಾಲು, ಎರೆಗೊಬ್ಬರ ಅರ್ಧ ಪಾಲು. ಎಂ-ಸ್ಯಾಂಡ್ ಆದರೆ ಜರಡಿ ಹಿಡಿದು ದೂಳು ತೆಗೆದು, ತೊಳೆದು ಬಳಸಿ.

ಮೂರಕ್ಕೂ 8 ಇಂಚಿನ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಮಣ್ಣಿನ ಹುಳದ ಕಾಟ ಕಮ್ಮಿ. 8 ಇಂಚಿನ ಕುಂಡಕ್ಕೆ ಸುಮಾರು 4ರಿಂದ 5 ಲೀಟರ್ ಮಿಶ್ರಣ ಹಿಡಿಯುತ್ತೆ. 5 ಕೆಜಿ ಕೋಕೋಪೀಟ್ ಇಟ್ಟಿಗೆ ನೆನೆಸಿದರೆ 60 ಲೀಟರ್‌ಗೂ ಹೆಚ್ಚು ಉಬ್ಬುತ್ತೆ. ಎರಡು ಮೂರು ಕುಂಡ ಇಡುವವರಿಗೆ 650 ಗ್ರಾಂನ ಸಣ್ಣ ಇಟ್ಟಿಗೆಯೇ ಸಾಕು.

ಕೋಕೋಪೀಟ್‌ನಲ್ಲಿ ಉಪ್ಪಿನ ಅಂಶ ಇರುತ್ತೆ. ನೆನೆಸಿದ ಮೊದಲ ನೀರು ಚೆಲ್ಲಿ, ಇನ್ನೆರಡು ಸಲ ತೊಳೆದು ಹಿಂಡಿದ ಮೇಲೆ ಬಳಸಿ. ಗೊಬ್ಬರ ಪೂರ್ತಿ ಕಳಿತಿರಬೇಕು. ಕಳಿತ ಗೊಬ್ಬರಕ್ಕೆ ಮಳೆ ಬಿದ್ದ ನೆಲದ ವಾಸನೆ ಇರುತ್ತೆ. ಸಗಣಿ ವಾಸನೆ ಬಂದರೆ, ಮುಟ್ಟಿದರೆ ಬಿಸಿ ಇದ್ದರೆ ಇನ್ನೂ ಆಗಿಲ್ಲ ಅಂತ. ಹಸಿ ಗೊಬ್ಬರ ಮನೆಯೊಳಗಿನ ಕುಂಡಕ್ಕೆ ಹಾಕಿದರೆ ಬೇರು ಸುಡುತ್ತೆ, ಮನೆ ತುಂಬ ನೊಣ ಬೇರೆ.

ಬೆರೆಸಿದ ಮಣ್ಣನ್ನು ಬಿಸಿಲಲ್ಲಿ ಎರಡು ಮೂರು ದಿನ ಹರಡಿ, ಆಮೇಲೆ ನೀರು ಚಿಮುಕಿಸಿ ಒಂದು ವಾರ ಮುಚ್ಚಿಡಿ. ಆ ನಂತರ ಗಿಡ ನೆಟ್ಟರೆ ಬೇಗ ಹಿಡಿಯುತ್ತೆ. ಮಣ್ಣು ಕೈಯಲ್ಲಿ ಬೆರೆಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ.

ಕುಂಡ ಯಾವುದಾದರೂ ತೂತು ಇರಲಿ

ಮಣ್ಣಿನ ಕುಂಡ ಬೆವರುತ್ತೆ. ಹಾಗಾಗಿ ಬೇಗ ಒಣಗುತ್ತೆ, ಬೇರು ಕೊಳೆಯುವುದು ಕಮ್ಮಿ. ಹೊಸಬರಿಗೆ ಇದೇ ಒಳ್ಳೇದು. ಪ್ಲಾಸ್ಟಿಕ್ ಕುಂಡದಲ್ಲಿ ನೀರು ಹೆಚ್ಚು ದಿನ ನಿಲ್ಲುತ್ತೆ, ಊರಿಗೆ ಹೋಗಿ ಬರುವವರಿಗೆ ಅನುಕೂಲ. ಪೇಂಟ್ ಡಬ್ಬಕ್ಕೆ, ಅದರಲ್ಲೂ ಹಳೇ ಪೇಂಟ್ ಡಬ್ಬಕ್ಕೆ, ತಿನ್ನುವ ಸೊಪ್ಪು ಹಾಕಬೇಡಿ. ಎಣ್ಣೆ ಟಿನ್, ಬಿಸ್ಕತ್ ಡಬ್ಬ ಆಗುತ್ತೆ, ತಳದಲ್ಲಿ ನಾಲ್ಕೈದು ತೂತು ಹೊಡೆಯಬೇಕು ಅಷ್ಟೇ.

ತೂತಿನ ಮೇಲೆ ಒಡೆದ ಹೆಂಚಿನ ಚೂರು ಬೋರಲಾಗಿಟ್ಟು ಮಣ್ಣು ತುಂಬಿ. ಕಂಠದಿಂದ ಒಂದು ಇಂಚು ಖಾಲಿ ಬಿಡಿ. ನೀರು ಹಾಕಿದಾಗ ಒಂದೆರಡು ನಿಮಿಷದಲ್ಲಿ ತಳದಿಂದ ಹೊರಬರಬೇಕು. ಮೇಲೆಯೇ ನಿಂತರೆ ಮಣ್ಣು ಗಟ್ಟಿ ಅಂತ, ಮತ್ತೆ ಬೆರೆಸಬೇಕು.

ತಳದ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ಶುದ್ಧ ನೀರಿನಲ್ಲೇ ಮೊಟ್ಟೆ ಇಡುತ್ತೆ, ವಾರದೊಳಗೆ ಹೊಸ ಸೊಳ್ಳೆ ಹೊರಬರುತ್ತೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಅಧಿಸೂಚನೆ ಹೊರಡಿಸಿದ್ದು ನೆನಪಿರಲಿ. ವಾರಕ್ಕೆ ಎರಡು ಸಲ ತಟ್ಟೆ ಚೆಲ್ಲಿ, ಉಜ್ಜಿ ಒರೆಸಿ. ನೀರಿನ ಬಾಟಲಿಯಲ್ಲಿ ಮನಿ ಪ್ಲಾಂಟ್ ಇಟ್ಟವರೂ ವಾರಕ್ಕೊಮ್ಮೆ ನೀರು ಬದಲಿಸಬೇಕು.

ಬೆಳಕು: ಲೈನ್ ಮನೆ, ಅಂಗಡಿಗೆ ಏನು ದಾರಿ?

ಹಳೇ ಲೈನ್ ಮನೆಗಳಲ್ಲಿ ಕಿಟಕಿ ಕಮ್ಮಿ, ಸೂರು ತಗ್ಗು. ಪೇಟೆಯ ಅಂಗಡಿಗಳಲ್ಲಿ ಶಟರ್ ಬಿಟ್ಟರೆ ಬೆಳಕಿಗೆ ಬೇರೆ ದಾರಿ ಇಲ್ಲ. ಗಿಡ ಕೊಳ್ಳುವ ಮೊದಲು ಬೆಳಕು ಅಳೆಯೋದು ಹೀಗೆ: ಮಧ್ಯಾಹ್ನ ಗಿಡ ಇಡುವ ಜಾಗದಲ್ಲಿ ಬಿಳಿ ಕಾಗದ ಇಟ್ಟು, ಒಂದು ಅಡಿ ಮೇಲೆ ಅಂಗೈ ಹಿಡಿಯಿರಿ. ಬೆರಳುಗಳ ನೆರಳು ಸ್ಪಷ್ಟವಾಗಿ ಬಿದ್ದರೆ ಒಳ್ಳೆ ಬೆಳಕು. ಮಸುಕಾಗಿ ಬಿದ್ದರೆ ಸಾಧಾರಣ. ನೆರಳೇ ಕಾಣದಿದ್ದರೆ ಅಲ್ಲಿ ಯಾವ ಗಿಡವೂ ಹೆಚ್ಚು ಕಾಲ ಬಾಳಲ್ಲ.

ಸ್ಪಷ್ಟ ನೆರಳಿನ ಜಾಗಕ್ಕೆ ದೊಡ್ಡಪತ್ರೆ, ಪುದೀನ, ಲೋಳೆಸರ ಹೊಂದುತ್ತವೆ. ಮಸುಕು ನೆರಳಿದ್ದರೆ ಮನಿ ಪ್ಲಾಂಟ್, ಸ್ಪೈಡರ್ ಪ್ಲಾಂಟ್. ಇನ್ನೂ ಕಮ್ಮಿ ಇದ್ದರೆ ಸ್ನೇಕ್ ಪ್ಲಾಂಟ್, ಝೀಝೀ ಪ್ಲಾಂಟ್. ತುಳಸಿ, ಕರಿಬೇವು, ಗುಲಾಬಿ ಇವೆಲ್ಲ ಬಿಸಿಲಿನ ಗಿಡ. ಮನೆಯೊಳಗಿಟ್ಟು ಉಳಿಸೋದು ಕಷ್ಟ, ಬಾಗಿಲ ಮುಂದೆ ಇಡಿ.

ಬೆಳಕು ಸಾಲದ ಕಡೆ ಸಾಮಾನ್ಯ ಬಿಳಿ ಎಲ್‌ಇಡಿ ಬಲ್ಬೂ ನೆರವಾಗುತ್ತೆ. 10 ವ್ಯಾಟ್ ಬಲ್ಬನ್ನು ಗಿಡದಿಂದ ಒಂದು ಅಡಿ ಮೇಲೆ ಕಟ್ಟಿ ದಿನಕ್ಕೆ 12 ಗಂಟೆ ಉರಿಸಿದರೆ ತಿಂಗಳಿಗೆ 3.6 ಯೂನಿಟ್ ಕರೆಂಟ್. ರಾತ್ರಿಯಿಡೀ ಉರಿಸಬೇಡಿ, ಗಿಡಕ್ಕೂ ಕತ್ತಲು ಬೇಕು. ನೀರು ಹಾಕುವಾಗ ಸ್ವಿಚ್ ಆಫ್ ಮಾಡೋದು ಮರೀಬೇಡಿ. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟ್ ಎಳೆದು ತಂದ ಊರು ಇದು. ಅದೇ ಊರಿನ ಕತ್ತಲೆ ಮೂಲೆಯ ಕುಂಡಕ್ಕೆ ಒಂದು ಬಲ್ಬು ದೊಡ್ಡ ಮಾತಲ್ಲ.

ನೀರು: ದಿನಾ ಹಾಕೋದೇ ದೊಡ್ಡ ತಪ್ಪು

ಮನೆಯೊಳಗಿನ ಗಿಡ ಸಾಯೋದು ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ. ದಿನ ಲೆಕ್ಕ ಹಾಕಬೇಡಿ, ಬೆರಳು ಇಳಿಸಿ ನೋಡಿ. ಮೊದಲ ಗೆಣ್ಣಿನವರೆಗೆ ಮಣ್ಣು ಒಣಗಿದ್ದರೆ ನೀರು ಹಾಕಿ, ತೇವ ಇದ್ದರೆ ಬೇಡ. ಬೇಸಿಗೆಯಲ್ಲಿ ಎಲೆ ಗಿಡಕ್ಕೆ ಎರಡು ಮೂರು ದಿನಕ್ಕೊಮ್ಮೆ, ಡಿಸೆಂಬರ್, ಜನವರಿ ಚಳಿಯಲ್ಲಿ ವಾರಕ್ಕೊಮ್ಮೆ ಬೇಕಾಗಬಹುದು. ಸ್ನೇಕ್ ಪ್ಲಾಂಟ್‌ಗೆ ಚಳಿಗಾಲದಲ್ಲಿ ಮೂರು ವಾರಕ್ಕೊಮ್ಮೆ ಸಾಕು. ಹಾಕಿದಾಗ ತಳದಿಂದ ಹರಿಯುವಷ್ಟು ಹಾಕಿ. ದಿನಾ ಒಂದೊಂದು ಲೋಟ ಹಾಕಿದರೆ ಮೇಲೆ ಕೆಸರು, ಕೆಳಗೆ ಒಣಕಲು.

ಇಲ್ಲಿನ ಬೋರ್‌ವೆಲ್ ನೀರಿನ ಗುಣವೂ ತಿಳಿದಿರಬೇಕು. ಕೋಲಾರ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆ ಇರುವುದು ಗೊತ್ತಿರುವ ಸಂಗತಿ. ಸ್ಪೈಡರ್ ಪ್ಲಾಂಟ್, ಡ್ರಸೀನಾ ಗಿಡಗಳಿಗೆ ಫ್ಲೋರೈಡ್ ಆಗಿಬರಲ್ಲ, ಎಲೆಯ ತುದಿ ಕಂದಾಗಿ ಸುಡುತ್ತೆ. ನೀರು ಸಾಲದು ಅಂದುಕೊಂಡು ಇನ್ನಷ್ಟು ಬೋರ್ ನೀರು ಹಾಕಿದರೆ ಇನ್ನಷ್ಟು ಸುಡುತ್ತೆ. ಈ ಎರಡಕ್ಕೆ ಮಳೆನೀರು ಹಿಡಿದಿಟ್ಟು ಹಾಕಿ, ಇಲ್ಲವಾದರೆ ಮನಿ ಪ್ಲಾಂಟ್‌ಗೆ ಬದಲಾಯಿಸಿ.

ಕುಂಡದ ಕಂಠಕ್ಕೆ ಬಿಳಿ ಪೊರೆ ಕಟ್ಟಿದ್ದರೆ ಅದು ಗಡಸು ನೀರಿನ ಲವಣ. ಎರಡು ತಿಂಗಳಿಗೊಮ್ಮೆ ಕುಂಡವನ್ನು ಹೊರಗಿಟ್ಟು ಮಳೆನೀರಿನಲ್ಲಿ ಚೆನ್ನಾಗಿ ತೊಯ್ಯಿಸಿ ಹರಿಯಲು ಬಿಡಿ. ಆರ್‌ಒ ಯಂತ್ರದಿಂದ ಹೊರಬೀಳುವ ನೀರಿನಲ್ಲಿ ಲವಣ ಇನ್ನೂ ಹೆಚ್ಚಿರುತ್ತೆ, ಅದನ್ನು ಗಿಡಕ್ಕೆ ಹಾಕಬೇಡಿ, ನೆಲ ತೊಳೆಯೋಕೆ ಬಳಸಿ. ಅಕ್ಕಿ ತೊಳೆದ ನೀರನ್ನು ವಾರಕ್ಕೊಮ್ಮೆ ಅದೇ ದಿನದ್ದಾದರೆ ಹಾಕಬಹುದು. ಉಪ್ಪು ಹಾಕಿದ ನೀರು, ಹಾಲು ತೊಳೆದ ನೀರು ಬೇಡ.

ಗೊಬ್ಬರ ಮತ್ತು ಕೀಟ

ಹೊಸ ಮಿಶ್ರಣಕ್ಕೆ ಮೊದಲ ಎರಡು ತಿಂಗಳು ಏನೂ ಬೇಡ. ಆಮೇಲೆ ತಿಂಗಳಿಗೊಮ್ಮೆ 8 ಇಂಚಿನ ಕುಂಡಕ್ಕೆ ಎರಡು ಹಿಡಿ ಎರೆಗೊಬ್ಬರ, ಮೇಲಿನ ಮಣ್ಣು ಕೆದಕಿ ಬೆರೆಸಿದರೆ ಸಾಕು. ಚಳಿಗಾಲದಲ್ಲಿ ಬೆಳವಣಿಗೆ ನಿಧಾನ, ಆಗ ನಿಲ್ಲಿಸಿ. ಯೂರಿಯಾ ಹಾಕುವ ಆಸೆ ಬೇಡ. ಹೊಲಕ್ಕೆ ಸರಿ, ಕುಂಡದಲ್ಲಿ ಒಂದು ಚಮಚ ಹೆಚ್ಚಾದರೂ ಬೇರು ಸುಟ್ಟು ಹೋಗುತ್ತೆ. ಟೀ ಚರಟ ಹಾಕುವವರು ಸಕ್ಕರೆ ಹೋಗುವಂತೆ ತೊಳೆದು ಒಣಗಿಸಿ ಹಾಕಿ, ಇಲ್ಲವಾದರೆ ಇರುವೆ.

ಎಲೆಯ ಬುಡದಲ್ಲಿ ಹತ್ತಿಯಂಥ ಬಿಳಿ ಹುಳ ಕಂಡರೆ ಅದು ಹಿಟ್ಟು ತಿಗಣೆ. ಹತ್ತಿಗೆ ಸೋಪಿನ ನೀರು ಅದ್ದಿ ಒರೆಸಿ, ಆಮೇಲೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ಸೋಪು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ಸಲ ಮಾಡಿದರೆ ಹತೋಟಿಗೆ ಬರುತ್ತೆ. ಮಣ್ಣಿನ ಮೇಲೆ ಸಣ್ಣ ಕರಿ ನೊಣ ಹಾರುತ್ತಿದ್ದರೆ ನೀರು ಹೆಚ್ಚಾಗಿದೆ ಅಂತ. ಮೇಲಿನ ಒಂದು ಇಂಚು ಪೂರ್ತಿ ಒಣಗಲು ಬಿಟ್ಟರೆ ತಾನೇ ಹೋಗುತ್ತೆ. ಹೊಲಕ್ಕೆ ಹೊಡೆಯುವ ಕೀಟನಾಶಕ ಮನೆಯೊಳಗೆ ತರಲೇಬೇಡಿ.

ಎಲೆಯ ಮೇಲಿನ ದೂಳನ್ನು ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಗುಡ್ಡದ ಹತ್ತಿರದ ಮನೆಗಳಲ್ಲಿ ಇದು ಇನ್ನೂ ಮುಖ್ಯ. ಆದರೆ ಕುಂಡದ ಗಿಡ ಮನೆಯ ಗಾಳಿ ಶುದ್ಧ ಮಾಡುತ್ತೆ ಅನ್ನೋ ಜಾಹೀರಾತು ನಂಬಿ ಕೂರಬೇಡಿ. ಅಮೆರಿಕದ ನಾಸಾ 1989ರಲ್ಲಿ ಮಾಡಿದ ಪ್ರಯೋಗ ಗಾಳಿಯಾಡದ ಮುಚ್ಚಿದ ಪೆಟ್ಟಿಗೆಯಲ್ಲಿ ನಡೆದದ್ದು. ಬಾಗಿಲು ತೆರೆದಿರುವ ಮನೆಯಲ್ಲಿ ನಾಲ್ಕು ಕುಂಡದಿಂದ ದೂಳು ನಿಲ್ಲಲ್ಲ. ಗಾಳಿ ಜೋರಿದ್ದಾಗ ಕಿಟಕಿ ಮುಚ್ಚೋದು, ಒದ್ದೆ ಬಟ್ಟೆಯಲ್ಲಿ ನೆಲ ಒರೆಸೋದೇ ಮದ್ದು.

ಮಕ್ಕಳಿರುವ ಮನೆಗೆ

ಮನಿ ಪ್ಲಾಂಟ್, ಡೈಫನ್‌ಬೇಕಿಯಾ ಎಲೆ ಅಗಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತೆ. ಎತ್ತರದಲ್ಲಿ ತೂಗುಹಾಕಿ. ಕಣಗಿಲೆಯ ಎಲ್ಲ ಭಾಗವೂ ವಿಷ, ಮನೆಯೊಳಗೆ ಬೇಡ. ಅಂಬೆಗಾಲಿಡುವ ಮಗು ಇದ್ದರೆ ದೊಡ್ಡಪತ್ರೆ, ಸ್ಪೈಡರ್ ಪ್ಲಾಂಟ್ ಸಾಕು. ಮಗು ಮಣ್ಣು ತಿನ್ನುವುದನ್ನು ಪೂರ್ತಿ ತಡೆಯೋದು ಕಷ್ಟ. ಗುಡ್ಡದ ಮಣ್ಣು ಬೇಡ ಅನ್ನೋಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಒಂದೇ ಒಂದು ಗಾಂಜಾ ಗಿಡ ಇಟ್ಟರೂ ಕೇಸು

ಮೊಬೈಲ್‌ನಲ್ಲಿ ವಿದೇಶದ ವಿಡಿಯೊ ನೋಡಿ, ಒಳಗೇ ಬಲ್ಬು ಕಟ್ಟಿ ಗಾಂಜಾ ಗಿಡ ಬೆಳೆಸಬಹುದು ಅಂತ ಕೆಲ ಹುಡುಗರು ತಿಳಿದಿರುತ್ತಾರೆ. ಕೆನಡಾದಂಥ ದೇಶದಲ್ಲಿ ಕಾನೂನು ಬೇರೆ. ಇಲ್ಲಿ ಎನ್‌ಡಿಪಿಎಸ್ ಕಾಯ್ದೆ 1985ರ ಸೆಕ್ಷನ್ 8ರ ಪ್ರಕಾರ ಗಾಂಜಾ ಗಿಡ ಬೆಳೆಸುವುದೇ ನಿಷೇಧ. ಸೆಕ್ಷನ್ 20ರ ಪ್ರಕಾರ 10 ವರ್ಷದವರೆಗೆ ಕಠಿಣ ಜೈಲು ಶಿಕ್ಷೆ, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಹೊಲ, ಹಿತ್ತಲು, ಕುಂಡ ಅನ್ನೋ ಭೇದ ಇಲ್ಲ. ‘ಒಂದೇ ಗಿಡ’, ‘ಶೋಕಿಗೆ’, ‘ಇನ್ನೂ ಹೂ ಬಿಟ್ಟಿಲ್ಲ’ ಅನ್ನೋ ಮಾತು ಗಿಡ ಬೆಳೆಸಿದ ಅಪರಾಧ ತಪ್ಪಿಸಲ್ಲ. ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ಇದು.

ಬಾಡಿಗೆಗೆ ಕೊಟ್ಟವರಿಗೂ ಇದು ಸಂಬಂಧಿಸಿದ್ದೇ. ಗೊತ್ತಿದ್ದೂ ತನ್ನ ಮನೆ, ಅಂಗಡಿ, ಗೋಡೌನ್‌ನಲ್ಲಿ ಇಂಥದ್ದಕ್ಕೆ ಅವಕಾಶ ಕೊಟ್ಟ ಮಾಲೀಕರ ಮೇಲೆ ಸೆಕ್ಷನ್ 25ರ ಅಡಿ ಕೇಸು ಆಗುತ್ತೆ. ಉತ್ತರಾಖಂಡದಲ್ಲಿ ಲೈಸೆನ್ಸ್ ಕೊಡುತ್ತಾರಲ್ಲ ಅನ್ನುವವರು ಇದನ್ನು ಗಮನಿಸಬೇಕು: ಅಲ್ಲಿ ಸರ್ಕಾರ ಅನುಮತಿ ಕೊಟ್ಟಿದ್ದು ನಾರು, ಬೀಜದ ಉದ್ಯಮಕ್ಕಾಗಿ ಬೆಳೆಯುವ, ಮತ್ತಿನ ಅಂಶ ತೀರಾ ಕಮ್ಮಿ ಇರುವ ತಳಿಗೆ. ಮನೆಯ ಕುಂಡಕ್ಕೆ ಲೈಸೆನ್ಸ್ ಕೊಡುವ ವ್ಯವಸ್ಥೆ ಕರ್ನಾಟಕದಲ್ಲಿ ಇಲ್ಲ.

ಹಾಗಂತ ಬೆರಳಿನಂಥ ಎಲೆ ಕಂಡ ಕೂಡಲೇ ಪಕ್ಕದ ಮನೆಯವರ ಮೇಲೆ ಅನುಮಾನವೂ ಬೇಡ. ಅಡುಗೆಗೆ ಬಳಸುವ ಪುಂಡಿ ಸೊಪ್ಪಿನ ಒಂದು ಜಾತಿಯ ಎಲೆ ಗಾಂಜಾ ಎಲೆಯನ್ನೇ ಹೋಲುತ್ತೆ. ಅದರ ವೈಜ್ಞಾನಿಕ ಹೆಸರೇ ‘ಹೈಬಿಸ್ಕಸ್ ಕ್ಯಾನಬಿನಸ್’. ಪುಂಡಿಯ ಹೂ ದಾಸವಾಳದ ಹಾಗೆ ದೊಡ್ಡದು, ಎಲೆ ಹುಳಿ. ಗಾಂಜಾಕ್ಕೆ ಅಂಥ ಹೂವೂ ಇಲ್ಲ, ಹುಳಿಯೂ ಇಲ್ಲ.

ಮಾದಕ ವಸ್ತು ಮಾರಾಟದ ಬಗ್ಗೆ ಮಾಹಿತಿ ಕೊಡಲು ರಾಷ್ಟ್ರೀಯ ಸಹಾಯವಾಣಿ 1933. ಮನೆಯಲ್ಲಿ ಯಾರಾದರೂ ಚಟಕ್ಕೆ ಬಿದ್ದು ಹೊರಬರಲು ಒದ್ದಾಡುತ್ತಿದ್ದರೆ 14446ಕ್ಕೆ ಕರೆ ಮಾಡಬಹುದು, ದುಡ್ಡು ಬೇಡ. ಕೈಗೆ ಏನಾದ್ರೂ ಕೆಲಸ ಬೇಕು ಅನ್ನುವ ಹುಡುಗರಿಗೆ ಒಂದು ಟ್ರೇ ಮೆಂತ್ಯ ಬಿತ್ತಿ ಕೊಡಿ. ಮೂರು ನಾಲ್ಕು ದಿನಕ್ಕೆ ಮೊಳಕೆ, ಮೂರು ನಾಲ್ಕು ವಾರಕ್ಕೆ ಸಾರಿಗೆ ಸೊಪ್ಪು.

ಲಕ್ಷಣ ನೋಡಿ ಕಾರಣ ತಿಳಿಯಿರಿ

• ಕೆಳಗಿನ ಎಲೆ ಹಳದಿ, ಮಣ್ಣು ಒದ್ದೆ: ನೀರು ಹೆಚ್ಚು. ಒಂದು ವಾರ ನಿಲ್ಲಿಸಿ.

• ಎಲೆ ಜೋತುಬಿದ್ದಿದೆ, ಕುಂಡ ಹಗುರ: ನೀರು ಸಾಲದು. ಬಕೆಟ್ ನೀರಿನಲ್ಲಿ ಕುಂಡವನ್ನು ಅರ್ಧ ಗಂಟೆ ನಿಲ್ಲಿಸಿ ತೆಗೆಯಿರಿ.

• ಎಲೆಯ ತುದಿ ಮಾತ್ರ ಕಂದು: ಬೋರ್ ನೀರಿನ ಲವಣ, ಫ್ಲೋರೈಡ್ ಅಥವಾ ಗೊಬ್ಬರ ಹೆಚ್ಚು.

• ಕಾಂಡ ಸಪೂರ, ಕಿಟಕಿ ಕಡೆ ವಾಲಿದೆ: ಬೆಳಕು ಸಾಲದು. ಜಾಗ ಬದಲಿಸಿ, ವಾರಕ್ಕೊಮ್ಮೆ ಕುಂಡ ತಿರುಗಿಸಿ.

• ಎಳೆ ಎಲೆ ಹಳದಿ, ನರ ಮಾತ್ರ ಹಸಿರು: ಮಣ್ಣಲ್ಲಿ ಸುಣ್ಣ ಹೆಚ್ಚಾಗಿ ಕಬ್ಬಿಣ ಸಿಗುತ್ತಿಲ್ಲ. ಮಣ್ಣು ಬದಲಿಸಿ.

• ತಳದ ತೂತಿನಿಂದ ಬೇರು ಹೊರಗೆ: ಒಂದು ಅಳತೆ ದೊಡ್ಡ ಕುಂಡಕ್ಕೆ ಬದಲಾಯಿಸಿ. ಇದಕ್ಕೆ ಜೂನ್, ಜುಲೈ ಒಳ್ಳೆ ಕಾಲ.

ಹೆಚ್ಚಿನ ಸಲಹೆ ಬೇಕಾದವರು ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರ, ತೋಟಗಾರಿಕೆ ಕಾಲೇಜು ಅಥವಾ ಹತ್ತಿರದ ತೋಟಗಾರಿಕೆ ಇಲಾಖೆ ಕಚೇರಿಯಲ್ಲಿ ವಿಚಾರಿಸಬಹುದು. ಹೋಗುವಾಗ ರೋಗ ಬಂದ ಎಲೆ ಎರಡು, ಒಂದು ಹಿಡಿ ಮಣ್ಣು ಕವರ್‌ನಲ್ಲಿ ಒಯ್ದರೆ ಹೇಳುವವರಿಗೂ ಸುಲಭ.

ಮೊದಲ ಸಲ ಶುರು ಮಾಡುವವರು ಹತ್ತು ಗಿಡ ತರಬೇಡಿ. ಒಂದು ಮನಿ ಪ್ಲಾಂಟ್, ಒಂದು ದೊಡ್ಡಪತ್ರೆ ಸಾಕು. ದೊಡ್ಡಪತ್ರೆ ದುಡ್ಡು ಕೊಟ್ಟು ತರುವ ಗಿಡವೂ ಅಲ್ಲ. ಪಕ್ಕದ ಮನೆಯ ಅಕ್ಕನ ಹತ್ತಿರ ಒಂದು ಗೇಣು ಕಡ್ಡಿ ಕೇಳಿ, ಕೆಳಗಿನ ಎಲೆ ಕಿತ್ತು, ಬೂದಿಕೋಟೆ ಕಡೆಯ ಕೆಮ್ಮಣ್ಣಲ್ಲಿ ನೆಟ್ಟು ನೆರಳಲ್ಲಿಡಿ. ಎರಡು ಮೂರು ವಾರಕ್ಕೆ ಬೇರು ಬಿಡುತ್ತೆ. ಮಳೆಗಾಲದಲ್ಲಿ ಮಗುವಿಗೆ ಕೆಮ್ಮು ಬಂದಾಗ ಎಲೆ ಬಾಡಿಸಿ ರಸ ಹಿಂಡುವ ಮನೆಯವರು, ಆ ಎಲೆ ಯಾವ ಮಣ್ಣಲ್ಲಿ ಬೆಳೆದಿದ್ದು ಅಂತ ಯೋಚನೆ ಮಾಡುವ ಹಾಗಿರಬಾರದು.